ಬೂಷ್ಟು ಹಿಡಿದ ದೆವ್ವಗಳನ್ನು ದುರ್ಗಿಗುಡಿಗೆ ಒಯ್ದದ್ದು

ತೀರ್ಥಹಳ್ಳಿಯಿಂದ ಆಗುಂಬೆಯ ಕಡೆಗೆ ಹೋಗುವ ದಾರಿಯಲ್ಲಿರುವ ನಮ್ಮ ಹಳೆಯ ಮನೆಯ ಅಟ್ಟದ ಮೇಲೆ, ಅಡಿಕೆ ಚೀಲಗಳ ಹಿಂದೆ, ತಗಡಿನ ಟ್ರಂಕೊಂದು ಸುಮಾರು 25 ವರ್ಷಗಳಿಂದ ಕುಳಿತಿತ್ತು. ಅದರಲ್ಲಿದ್ದದ್ದು 23 ವಿಎಚ್‌ಎಸ್ ವಿಡಿಯೊ ಕ್ಯಾಸೆಟ್‌ಗಳು. ಮದುವೆ ಮತ್ತು ಉಪನಯನಗಳ ಕ್ಯಾಸೆಟ್‌ಗಳನ್ನು ಮನೆಯವರು ಬೀರುವಿನಲ್ಲಿ ಜೋಪಾನವಾಗಿ ಇಟ್ಟುಕೊಂಡಿದ್ದರು; ಟ್ರಂಕಿನ ಪಾಲಿಗೆ ಬಂದದ್ದು ನನ್ನವು ಮಾತ್ರ, ಅಂದರೆ ದೆವ್ವ, ಹೆಣ, ಹಾರುವ ತಟ್ಟೆ ಮತ್ತು ರಕ್ತದ ಚಿತ್ರಗಳು. ಕಳೆದ ಮೇ ತಿಂಗಳಲ್ಲಿ ಹೆಂಚು ಕೈಯಾಡಿಸುವುದಕ್ಕಾಗಿ ಅಟ್ಟವನ್ನು ಖಾಲಿ ಮಾಡಿದಾಗ ಟ್ರಂಕು ಕೆಳಗಿಳಿಯಿತು. ಕ್ಯಾಸೆಟ್‌ನ ಪಾರದರ್ಶಕ ಕಿಟಕಿಯಲ್ಲಿ ಇಣುಕಿದರೆ ಟೇಪಿನ ಸುರುಳಿಯ ಅಂಚಿನ ಮೇಲೆ ಅಕ್ಕಿಹಿಟ್ಟು ಉದುರಿಸಿದಂತೆ ಬೂಷ್ಟು ಹಬ್ಬಿತ್ತು. ಅವುಗಳಲ್ಲಿ 11ನ್ನು ಆರಿಸಿ, ಹಳೆಯ ಕ್ಯಾಸೆಟ್‌ಗಳನ್ನು ಸ್ವಚ್ಛಗೊಳಿಸಿ ಕಂಪ್ಯೂಟರಿಗೆ ಇಳಿಸಿಕೊಡುವ ಶಿವಮೊಗ್ಗದ ದುರ್ಗಿಗುಡಿಯ ಅಂಗಡಿಯೊಂದಕ್ಕೆ ಕೊಟ್ಟೆ. ಆ ಕೆಲಸ ಹೇಗಾಯಿತು ಎಂಬುದನ್ನು, ಇಂಥ ಚಿತ್ರಗಳ ಹುಚ್ಚು ಇರುವವರ ಉಪಯೋಗಕ್ಕಾಗಿ, ಇಲ್ಲಿ ಬರೆಯುತ್ತಿದ್ದೇನೆ. ಅಂಗಡಿಯವರ ಒಂದು ತಪ್ಪಿನ ವಿಷಯವೂ ಇದರಲ್ಲಿ ಬರುವುದರಿಂದ ಮತ್ತು ಆ ತಪ್ಪನ್ನು ಅವರೇ ಕೈಯಿಂದ ಖರ್ಚು ಮಾಡಿಕೊಂಡು ತಿದ್ದಿಕೊಟ್ಟಿರುವುದರಿಂದ ಹೆಸರನ್ನು ಬರೆಯುತ್ತಿಲ್ಲ.

ಇಂಥ ಚಿತ್ರಗಳನ್ನು ಕ್ಯಾಸೆಟ್‌ನಿಂದ ಬೇರ್ಪಡಿಸಿ ನೋಡುವುದು ನನ್ನ ವಯಸ್ಸಿನವರಿಗೆ ಕಷ್ಟ. ಹೆಗ್ಗೋಡಿನಲ್ಲಿ ನೀನಾಸಂನವರು 1970ರ ದಶಕದಿಂದಲೇ ಜಗತ್ತಿನ ಶ್ರೇಷ್ಠ ಚಿತ್ರಗಳನ್ನು ತರಿಸಿ ಹಳ್ಳಿಯವರಿಗೆ ತೋರಿಸುತ್ತಿದ್ದರು. ನಮ್ಮ ಸೀಮೆಯವರು ಇಂದಿಗೂ ಅದನ್ನು ಹೆಮ್ಮೆಯಿಂದ ಹೇಳಿಕೊಳ್ಳುತ್ತಾರೆ, ನಾನೂ ಹೇಳಿಕೊಳ್ಳುತ್ತೇನೆ. ಆದರೆ ಅದೇ ಸೀಮೆಯಲ್ಲಿ, ಯಾರೂ ಹೆಮ್ಮೆಯಿಂದ ಹೇಳಿಕೊಳ್ಳದ ಇನ್ನೊಂದು ಚಿತ್ರಶಾಲೆಯೂ ಇತ್ತು. ಪೇಟೆಯಿಂದ ಕ್ಯಾಸೆಟ್ ಓಡಿಸುವ ವಿಸಿಪಿ ಮತ್ತು ಬಣ್ಣದ ಟಿವಿಯನ್ನು ದಿನದ ಬಾಡಿಗೆಗೆ ತಂದು, ಜಗುಲಿಯ ಮೇಲೆ ಕಂಬಳಿ ಹಾಸಿ, ರಾತ್ರಿ ಊಟವಾದ ಮೇಲೆ ಮೊದಲು ಮನೆಯವರೆಲ್ಲರೂ ನೋಡುವಂಥ ರಾಜ್‌ಕುಮಾರ್ ಚಿತ್ರವೊಂದನ್ನು ಹಾಕಿ, ಹಿರಿಯರು ಮಲಗಿದ ನಂತರ ಬ್ಯಾಗಿನ ತಳದಲ್ಲಿದ್ದ ಎರಡನೆಯ ಮತ್ತು ಮೂರನೆಯ ಕ್ಯಾಸೆಟ್‌ಗಳನ್ನು ಹೊರತೆಗೆಯುವುದು ನಮ್ಮ ಕ್ರಮವಾಗಿತ್ತು. ಹಿಂದಿಯಲ್ಲಿ ದೆವ್ವದ ಚಿತ್ರಗಳನ್ನು ಮಾಡುತ್ತಿದ್ದ ರಾಮ್ಸೆ ಸಹೋದರರ ಪರಿಚಯ ನಮಗೆ ಆದದ್ದು ಹೀಗೆ. 'ನಾ ನಿನ್ನ ಬಿಡಲಾರೆ' ಚಿತ್ರದಲ್ಲಿ ಅನಂತನಾಗ್ ಅವರ ಮೈಮೇಲೆ ದೆವ್ವ ಬಂದದ್ದನ್ನು ಮೊದಲ ಸಲ ನೋಡಿದ್ದೂ ಹೀಗೆಯೇ; 1979ರ ಆ ಚಿತ್ರವನ್ನು ಮಾತ್ರ ಹಿರಿಯರು ಎದ್ದು ಕುಳಿತು ನೋಡುತ್ತಿದ್ದರು, ಕೊನೆಯಲ್ಲಿ ದೇವರು ಬರುತ್ತಾನೆ ಎಂಬ ಕಾರಣಕ್ಕೆ.

ಅಂಗಡಿಯ ಮಾಲೀಕರು ಹಿಂದೆ ಮದುವೆಗಳ ವಿಡಿಯೊ ತೆಗೆಯುತ್ತಿದ್ದವರು. ಕೆಳಗೆ ಮೊಬೈಲ್ ಬಿಡಿಭಾಗಗಳ ಅಂಗಡಿ, ಮೇಲಿನ ಒಂದು ಕೋಣೆಯಲ್ಲಿ ಕ್ಯಾಸೆಟ್‌ಗಳ ಕೆಲಸ. ನಾನು ಹೋದಾಗ ಅವರು ಮೊದಲು ಮಾಡಿದ್ದು ನನ್ನ ಚೀಲವನ್ನು ಒಳಗೆ ತರಗೊಡದೆ ಮೆಟ್ಟಿಲ ಮೇಲೆಯೇ ಇರಿಸಿದ್ದು. ಮುಖಕ್ಕೆ ಮಾಸ್ಕ್ ಹಾಕಿಕೊಂಡು, ಟಾರ್ಚ್ ಹಿಡಿದು, ಒಂದೊಂದೇ ಕ್ಯಾಸೆಟ್ಟನ್ನು ಹೊರಳಿಸಿ ನೋಡಿದರು. "ಇದನ್ನು ಮನೆಯಲ್ಲಿ ಯಾವ ಮೆಷಿನ್ನಿಗೂ ಹಾಕಿ ನೋಡಿಲ್ಲ ತಾನೇ ಮಾರಾಯ್ರೇ?" ಎಂದು ಕೇಳಿದರು. ಹಾಕಿಲ್ಲ ಎಂದೆ. ಅವರ ಮುಖದಲ್ಲಿ ನಿರಾಳ ಕಂಡಿತು. ಬೂಷ್ಟು ಹಿಡಿದ ಟೇಪನ್ನು ವಿಸಿಆರ್‌ಗೆ ಹಾಕಿದರೆ ಆ ಬೂಷ್ಟು ಟೇಪನ್ನು ಓದುವ, ತಿರುಗುವ ಹೆಡ್ಡಿಗೆ ಅಂಟಿಕೊಳ್ಳುತ್ತದೆ, ಅಲ್ಲಿಂದ ಮುಂದೆ ಹಾಕುವ ಪ್ರತಿಯೊಂದು ಟೇಪಿಗೂ ಹರಡುತ್ತದೆ, ಟೇಪು ಪದರಕ್ಕೆ ಪದರ ಅಂಟಿಕೊಂಡಿದ್ದರೆ ಹರಿದೂ ಹೋಗುತ್ತದೆ. ವಿಸಿಆರ್ ಎಂಬುದು ಈಗ ಸುಲಭವಾಗಿ ಸಿಗುವ ವಸ್ತುವಲ್ಲ. ಕೊನೆಯವರೆಗೂ ಅದನ್ನು ತಯಾರಿಸುತ್ತಿದ್ದ ಜಪಾನಿನ ಫುನಾಯ್ ಕಂಪನಿಯೇ 2016ರಲ್ಲಿ ಕೈಬಿಟ್ಟಿತು. ಇವರ ಬಳಿ ಇರುವುದು ಮೂರು. ಅವುಗಳಲ್ಲಿ ಒಂದನ್ನು ಬೂಷ್ಟಿನ ಟೇಪುಗಳಿಗೆಂದೇ ಬಿಟ್ಟಿದ್ದಾರೆ, ಅದರ ಮೇಲೆ ಕೆಂಪು ಇನ್ಸುಲೇಷನ್ ಟೇಪು ಸುತ್ತಿ ಗುರುತು ಮಾಡಿದ್ದಾರೆ.

ಮಲೆನಾಡಿನಲ್ಲಿ ಟೇಪು ಕೆಡುವುದು ಆಶ್ಚರ್ಯದ ಸಂಗತಿಯಲ್ಲ. ಆಗುಂಬೆಯಲ್ಲಿ ವರ್ಷಕ್ಕೆ 7,000 ಮಿಲಿಮೀಟರಿಗೂ ಹೆಚ್ಚು ಮಳೆ ಬೀಳುತ್ತದೆ. ಆರಿದ್ರದಿಂದ ಆಶ್ಲೇಷದವರೆಗೆ ಚಪ್ಪಲಿಗೂ, ಬೆಲ್ಟಿಗೂ, ದೇವರ ಪಟದ ಹಿಂದಿನ ರಟ್ಟಿಗೂ ಬೂಷ್ಟು ಬರುವ ಮನೆಗಳಲ್ಲಿ ಟೇಪೊಂದಕ್ಕೆ ಮಾತ್ರ ವಿನಾಯಿತಿ ಸಿಗುವುದು ಹೇಗೆ? ಅರ್ಧ ಇಂಚು ಅಗಲದ ಆ ಟೇಪು ಪ್ಲಾಸ್ಟಿಕ್ಕಿನ ಹಾಳೆಯ ಮೇಲೆ ಕಾಂತೀಯ ಪುಡಿಯನ್ನು ಒಂದು ಬಗೆಯ ಅಂಟಿನಲ್ಲಿ ಕಲಸಿ ಬಳಿದದ್ದು. ತೇವವನ್ನು ಹೀರಿಕೊಳ್ಳುವುದೂ, ಶಿಲೀಂಧ್ರಕ್ಕೆ ನೆಲೆ ಕೊಡುವುದೂ ಆ ಅಂಟೇ. ನಮ್ಮ ಟ್ರಂಕಿನಲ್ಲಿ ಒಂದು ವಿಚಿತ್ರವನ್ನು ಮಾಲೀಕರೇ ತೋರಿಸಿದರು. ಬಚ್ಚಲೊಲೆಯ ಹೊಗೆ ತಾಗುವ ಮಗ್ಗುಲಿಗೆ ಇದ್ದ ನಾಲ್ಕು ಕ್ಯಾಸೆಟ್‌ಗಳ ಹೊದಿಕೆಗಳು ಕಪ್ಪಾಗಿದ್ದರೂ ಟೇಪು ಬಹುಮಟ್ಟಿಗೆ ಶುದ್ಧವಾಗಿತ್ತು. ಗೋಡೆಯ ಮಗ್ಗುಲಿಗೆ ಇದ್ದವು ಬೆಳ್ಳಗಾಗಿದ್ದವು. ಒಲೆಯ ಬಿಸುಪು ಆ ಬದಿಯನ್ನು ಒಣಗಿಸಿಟ್ಟಿರಬೇಕು.

ಸ್ವಚ್ಛಗೊಳಿಸುವ ಕೆಲಸವನ್ನು ಅವರು ನನ್ನೆದುರಿಗೇ ಒಂದು ಕ್ಯಾಸೆಟ್ಟಿನ ಮೇಲೆ ಮಾಡಿ ತೋರಿಸಿದರು. ಇದಕ್ಕೂ ಮೊದಲು ಎಲ್ಲ ಕ್ಯಾಸೆಟ್‌ಗಳನ್ನೂ ಸಿಲಿಕಾ ಜೆಲ್ ಪೊಟ್ಟಣಗಳ ಜೊತೆ ಗಾಳಿಯಾಡದ ಅಕ್ಕಿ ಡಬ್ಬಿಯಂಥ ಪೆಟ್ಟಿಗೆಯಲ್ಲಿ ಹತ್ತು ದಿನ ಇಟ್ಟಿದ್ದರು. ಒಣಗಿದ ಬೂಷ್ಟು ಪುಡಿಯಾಗಿ ಉದುರುತ್ತದೆ, ಹಸಿ ಬೂಷ್ಟನ್ನು ಒರೆಸಿದರೆ ಮೆತ್ತಿಕೊಳ್ಳುತ್ತದೆ ಎಂಬುದು ಅವರ ಅನುಭವ. ಕ್ಯಾಸೆಟ್ಟಿನ ಕೆಳಗಿನ ಐದು ಸ್ಕ್ರೂಗಳನ್ನು ಬಿಚ್ಚಿ, ಎರಡೂ ಸುರುಳಿಗಳನ್ನು ಎತ್ತಿ, ಬೇರೊಂದು ಶುದ್ಧವಾದ ಖಾಲಿ ಕವಚಕ್ಕೆ ಕೂರಿಸಿದರು. ಮೋಟಾರನ್ನು ನಿಧಾನಗೊಳಿಸಿದ ಹಳೆಯ ರಿವೈಂಡರ್ ಒಂದಕ್ಕೆ ಎರಡು ಬದಿಯಿಂದಲೂ ಮೆತ್ತನೆಯ ಬಟ್ಟೆಯ ತುಂಡುಗಳನ್ನು ತಾಗಿಸಿದ್ದರು. ಟೇಪು ಅವುಗಳ ನಡುವೆ ಹಾದು ಹೋಗುತ್ತದೆ. ಐದು ನಿಮಿಷಕ್ಕೊಮ್ಮೆ ನಿಲ್ಲಿಸಿ ಬಟ್ಟೆ ಬದಲಿಸುತ್ತಾರೆ. ಮೊದಲ ತುಂಡು ಹೊರಬಂದಾಗ ಅದರ ಮೇಲೆ ಬೂದಿಬಣ್ಣದ ಒಂದು ಗೆರೆ ಇತ್ತು, ಎರಡನೆಯದರ ಮೇಲೆ ಅದಕ್ಕಿಂತ ತೆಳುವಾದದ್ದು, ಏಳನೆಯದು ಬಿಳಿಯಾಗಿಯೇ ಬಂದಿತು. ಮೂರು ಗಂಟೆಯ ಟೇಪಿಗೆ ಈ ಕೆಲಸ ಅರ್ಧ ದಿನ ಹಿಡಿಯುತ್ತದೆ ಎಂದರೆ ಅತಿಶಯೋಕ್ತಿಯಲ್ಲ. ಇದಕ್ಕೆ ಅವರು ಕ್ಯಾಸೆಟ್ಟಿಗೆ 150 ರೂಪಾಯಿ ತೆಗೆದುಕೊಳ್ಳುತ್ತಾರೆ. ನನ್ನ ಮಟ್ಟಿಗೆ ಇದು ತೀರಾ ಕಡಿಮೆ, ಅವರಿಗೂ ಹಾಗೆಯೇ ಹೇಳಿದೆ.

ಒಂದು ಟೇಪು ಹರಿಯಿತು. 1984ರ 'ಪುರಾನಾ ಮಂದಿರ್' ಚಿತ್ರದ್ದು. ತಲೆಯನ್ನು ಒಂದು ಕಡೆ, ಮುಂಡವನ್ನು ಇನ್ನೊಂದು ಕಡೆ ಇಟ್ಟರೂ ಸಾಯದ ಸಾಮ್ರಿ ಎಂಬ ರಾಕ್ಷಸನ ಚಿತ್ರವೇ ಎರಡು ತುಂಡಾದದ್ದು ನನಗೆ ನಗು ತರಿಸಿತಾದರೂ ಮಾಲೀಕರು ನಗಲಿಲ್ಲ. ಅಂದೇ ಸಂಜೆ ಫೋನ್ ಮಾಡಿ, ಎಲ್ಲಿ ಹರಿಯಿತು, ಎಷ್ಟು ಅಂಗುಲ ಕತ್ತರಿಸಿ ಅಂಟಿಸಬೇಕಾಯಿತು, ಆ ಜಾಗದಲ್ಲಿ ಎಷ್ಟು ಕ್ಷಣಗಳ ಚಿತ್ರ ಹೋಗುತ್ತದೆ ಎಂಬುದನ್ನೆಲ್ಲ ಹೇಳಿದರು. ಹೇಳದಿದ್ದರೆ ನನಗೆ ಬಹುಶಃ ಗೊತ್ತೇ ಆಗುತ್ತಿರಲಿಲ್ಲ.

ಇನ್ನು ಕಂಪ್ಯೂಟರಿಗೆ ಇಳಿಸುವ ವಿಷಯ. ಇಲ್ಲಿ ಅವರದೊಂದು ನಿಯಮವಿದೆ, ಅದು ಅನೇಕರಿಗೆ ಇಷ್ಟವಾಗಲಾರದು. ನಿಮ್ಮ ಮನೆಯ ಮದುವೆ, ನಿಮ್ಮದೇ ನಾಟಕ, ನೀವೇ ತೆಗೆದ ಚಿತ್ರ, ಇವನ್ನು ಇಳಿಸಿಕೊಡುತ್ತಾರೆ. ಮಾರಾಟಕ್ಕೆ ಬಿಡುಗಡೆಯಾದ ಸಿನಿಮಾದ ಕ್ಯಾಸೆಟ್ಟಾದರೆ ಬೂಷ್ಟು ತೆಗೆದು ಟೇಪನ್ನು ಹಿಂದಕ್ಕೆ ಕೊಡುತ್ತಾರೆಯೇ ಹೊರತು ಪ್ರತಿ ಮಾಡುವುದಿಲ್ಲ. ನಮ್ಮ ದೇಶದ 1957ರ ಕೃತಿಸ್ವಾಮ್ಯ ಕಾಯಿದೆಯ ಪ್ರಕಾರ ಚಲನಚಿತ್ರದ ಹಕ್ಕು ಬಿಡುಗಡೆಯಾದ ಮುಂದಿನ ವರ್ಷದಿಂದ 60 ವರ್ಷಗಳವರೆಗೆ ಇರುತ್ತದೆ ಎಂಬುದನ್ನು ಅವರು ಗೋಡೆಗೆ ಅಂಟಿಸಿದ್ದಾರೆ. 'ಪುರಾನಾ ಮಂದಿರ್' ಅನ್ನು ಮತ್ತೆ ನೋಡಬೇಕೆಂದಿದ್ದರೆ ಡಿಸ್ಕ್ ಕೊಂಡುಕೊಳ್ಳಿ ಎಂದರು. ಮಾತು ಸರಿಯೇ, ಕಲ್ಟ್ ಚಿತ್ರಗಳಿಗೆ ಹೆಸರಾದ ಮೊಂಡೊ ಮಕಾಬ್ರೊ ಎಂಬ ವಿದೇಶಿ ಸಂಸ್ಥೆ ಅದನ್ನೂ, 1990ರ 'ಬಂದ್ ದರ್ವಾಜಾ'ವನ್ನೂ ಸೇರಿಸಿ ಡಿಸ್ಕ್‌ನಲ್ಲಿ ಹೊರತಂದಿತ್ತು. ತುಳಸಿ ಮತ್ತು ಶ್ಯಾಮ್ ರಾಮ್ಸೆಯವರ ಚಿತ್ರಗಳನ್ನು ನಾವೇ ಟ್ರಂಕಿಗೆ ಹಾಕಿ ಮರೆತಿದ್ದಾಗ ಯಾರೋ ಹೊರಗಿನವರು ಕೂತು ಜೋಡಿಸಿದರು ಎಂಬುದನ್ನು ಯೋಚಿಸಿದರೆ ಸ್ವಲ್ಪ ಮುಜುಗರವೂ ಆಗುತ್ತದೆ.

ಒಂದು ಚಿತ್ರಕ್ಕೆ ಮಾತ್ರ ನಾನು ವಾದ ಮಾಡಿ ಒಪ್ಪಿಸಿದೆ. ಅತ್ತಿಗೆಯ ಅಣ್ಣ ಅಮೆರಿಕದಿಂದ ತಂದುಕೊಟ್ಟಿದ್ದ 'ನೈಟ್ ಆಫ್ ದಿ ಲಿವಿಂಗ್ ಡೆಡ್' ಅದು. ಪಿಟ್ಸ್‌ಬರ್ಗ್ ನಗರದ ಸುತ್ತಮುತ್ತ ಜಾಹೀರಾತು ಚಿತ್ರಗಳನ್ನು ಮಾಡಿಕೊಂಡಿದ್ದ ಜಾರ್ಜ್ ರೊಮೆರೊ ಮತ್ತು ಗೆಳೆಯರು ಸುಮಾರು 1,14,000 ಡಾಲರ್‌ಗಳಲ್ಲಿ ಮುಗಿಸಿ 1968ರಲ್ಲಿ ಬಿಡುಗಡೆ ಮಾಡಿದ ಚಿತ್ರ. ಅದಕ್ಕೆ ಮೊದಲು ಬೇರೆ ಹೆಸರಿತ್ತು. ಹಂಚಿಕೆದಾರರು ಹೆಸರು ಬದಲಾಯಿಸಿ ಹೊಸ ಶೀರ್ಷಿಕೆಯ ಫಲಕವನ್ನು ಅಂಟಿಸುವಾಗ ಹಳೆಯ ಫಲಕದ ಮೇಲಿದ್ದ ಹಕ್ಕುಸ್ವಾಮ್ಯದ ಸಾಲು ಬಿಟ್ಟುಹೋಯಿತು; ಅಂದಿನ ಅಮೆರಿಕದ ಕಾನೂನಿನಲ್ಲಿ ಆ ಸಾಲು ಇಲ್ಲದಿದ್ದರೆ ಹಕ್ಕೇ ಇಲ್ಲ. ಹೀಗೆ ಆ ಚಿತ್ರ ಅಲ್ಲಿ ಸಾರ್ವಜನಿಕರ ಸ್ವತ್ತಾಯಿತು, ಯಾರು ಬೇಕಾದರೂ ಕ್ಯಾಸೆಟ್ ಮಾಡಿ ಮಾರಿದರು, ಮಾಡಿದವರಿಗೆ ಕಾಸು ಸೇರಲಿಲ್ಲ, ಆದರೆ ಚಿತ್ರ ಮಾತ್ರ ಜಗತ್ತಿನ ಮೂಲೆಮೂಲೆಗೆ ಹೋಗಿ ಕೊನೆಗೆ ತೀರ್ಥಹಳ್ಳಿಯ ಅಟ್ಟಕ್ಕೂ ಬಂದಿತು. ಇದನ್ನೆಲ್ಲ ಮಾಲೀಕರು ಗಮನವಿಟ್ಟು ಕೇಳಿ, ತಾವೂ ಮೊಬೈಲಿನಲ್ಲಿ ಹುಡುಕಿ ನೋಡಿ, ಒಂದು ಕಾಗದದ ಮೇಲೆ ನನ್ನ ಸಹಿ ತೆಗೆದುಕೊಂಡು ಒಪ್ಪಿದರು.

ಅಮೆರಿಕದ ಕ್ಯಾಸೆಟ್ ಎನ್‌ಟಿಎಸ್‌ಸಿ ಎಂಬ ಟಿವಿ ಪದ್ಧತಿಯದು, ನಮ್ಮದು ಪಾಲ್. ಅಲ್ಲಿ 525 ಗೆರೆಗಳು, ಇಲ್ಲಿ 625. ಅಲ್ಲಿ ಸೆಕೆಂಡಿಗೆ ಸುಮಾರು 30 ಚಿತ್ರಗಳು, ಇಲ್ಲಿ 25. ಹಿಂದೆ ನಮ್ಮ ಬಾಡಿಗೆ ವಿಸಿಪಿಯಲ್ಲಿ ಅದನ್ನು ಹಾಕಿದಾಗ ಚಿತ್ರ ಮೇಲಿನಿಂದ ಕೆಳಕ್ಕೆ ಉರುಳುತ್ತಲೇ ಇತ್ತು, ಬಣ್ಣವೂ ಬರಲಿಲ್ಲ. ಚಿತ್ರವೇ ಕಪ್ಪು ಬಿಳುಪಿನದು ಎಂಬುದು ನಮಗೆ ತಿಳಿದದ್ದು ಎಷ್ಟೋ ವರ್ಷಗಳ ನಂತರ. ಅಲ್ಲಿಯವರೆಗೂ ಮೆಷಿನ್ನಿನವನನ್ನು ಬಯ್ದುಕೊಂಡಿದ್ದೆವು. ಈ ಅಂಗಡಿಯಲ್ಲಿ ಗಲ್ಫ್‌ನಿಂದ ಬಂದವರೊಬ್ಬರು ಮಾರಿದ, ಎರಡೂ ಪದ್ಧತಿಗಳ ಟೇಪನ್ನು ಓಡಿಸುವ ಮಲ್ಟಿಸಿಸ್ಟಮ್ ವಿಸಿಆರ್ ಇದೆ. ಅದರ ಮುಂದೆ ಟೈಮ್ ಬೇಸ್ ಕರೆಕ್ಟರ್ ಎಂಬ ಪೆಟ್ಟಿಗೆಯನ್ನೂ ಜೋಡಿಸಿದ್ದಾರೆ. ಸವೆದ ಟೇಪಿನಿಂದ ಒಂದೊಂದು ಗೆರೆಯೂ ಹೊತ್ತಿಗೆ ಸರಿಯಾಗಿ ಬಾರದೆ ಚಿತ್ರದ ಅಂಚು ನಡುಗುತ್ತದಲ್ಲ, ಅದನ್ನು ಇದು ಸಾಲಿಗೆ ನಿಲ್ಲಿಸುತ್ತದೆ. ಕರೆಂಟು ಹೋದರೆ ನಡುವೆ ನಿಲ್ಲಬಾರದೆಂದು ಇನ್ವರ್ಟರ್ ಬೇರೆ. ಇಷ್ಟು ವ್ಯವಸ್ಥೆಯನ್ನು ಶಿವಮೊಗ್ಗದಲ್ಲಿ ನಾನು ನಿರೀಕ್ಷಿಸಿರಲಿಲ್ಲ.

ಮೂರು ವಾರ ಎಂದಿದ್ದವರು ಏಳು ವಾರ ತೆಗೆದುಕೊಂಡರು. ನಡುವೆ ಫೋನ್ ಮಾಡಿದರೆ ಎತ್ತುತ್ತಿರಲಿಲ್ಲ. ಆಷಾಢದಲ್ಲಿ ಎರಡು ಸಲ ತೀರ್ಥಹಳ್ಳಿಯಿಂದ ಬಸ್ಸು ಹಿಡಿದು ಹೋಗಿ, ಮುಚ್ಚಿದ ಶಟರ್ ನೋಡಿಕೊಂಡು ವಾಪಸು ಬಂದೆ. ಕೊನೆಗೆ 16 ಜಿಬಿಯ ಪೆನ್‌ಡ್ರೈವ್ ಒಂದು ಕೈಗೆ ಬಂದಿತು. ಮನೆಗೆ ತಂದು ಟಿವಿಗೆ ಹಾಕಿ ಕುಳಿತೆ.

ರೊಮೆರೊ ಅವರ ಹಸಿದ ಹೆಣಗಳೆಲ್ಲ ಮದುವೆಯ ಊಟ ಮುಗಿಸಿಕೊಂಡು ಬಂದವರಂತೆ ದಪ್ಪಗಾಗಿದ್ದವು. ಬಹುಮಟ್ಟಿಗೆ ಚೌಕವಾಗಿರುವ ಹಳೆಯ ಚೌಕಟ್ಟನ್ನು ಇಂದಿನ ಅಗಲವಾದ ಟಿವಿಗೆ ತುಂಬುವಂತೆ ಎಳೆದಿದ್ದರು. ಅದನ್ನಾದರೂ ರಿಮೋಟಿನಲ್ಲಿ ಸರಿಮಾಡಿಕೊಳ್ಳಬಹುದಿತ್ತು. ಸರಿಮಾಡಲಾಗದ ಸಂಗತಿಯೆಂದರೆ ಅವರು ಯಾವುದೋ ಸಾಫ್ಟ್‌ವೇರಿನಲ್ಲಿ ಚಿತ್ರವನ್ನು 'ಎನ್‌ಹ್ಯಾನ್ಸ್' ಮಾಡಿದ್ದು. ಫಿಲಮಿನ ಕಣಗಳೂ, ಟೇಪಿನ ಜುಮುಗುಡುವಿಕೆಯೂ ಒಟ್ಟಿಗೇ ಒರೆಸಿಹೋಗಿದ್ದವು. ಕತ್ತಲೆಯ ಹೊಲದಿಂದ ಮನೆಯತ್ತ ಬರುವ ಹೆಣಗಳ ಮುಖಗಳು ತೊಳೆದ ಸಾಬೂನಿನ ಬಿಲ್ಲೆಗಳಂತೆ ನುಣ್ಣಗೆ ಹೊಳೆಯುತ್ತಿದ್ದವು. ಆ ಚಿತ್ರದಲ್ಲಿ ಭಯ ಇರುವುದೇ ಸುದ್ದಿಯ ರೀಲಿನಂತೆ ಒರಟಾಗಿ ಕಾಣುವ ಆ ಕಪ್ಪು ಬಿಳುಪಿನಲ್ಲಿ. ದೂರದಲ್ಲಿ ನಿಂತವನು ಮನುಷ್ಯನೋ ಹೆಣವೋ ಎಂಬುದು ಕಣಗಳ ನಡುವೆ ಸ್ಪಷ್ಟವಾಗದೆ ಇರುವಷ್ಟು ಹೊತ್ತು ಮಾತ್ರ ನಾವು ಹೆದರುತ್ತೇವೆ. ಅಲ್ಲಿ ರಕ್ತವಾಗಿ ಹರಿದದ್ದು ಚಾಕೊಲೇಟ್ ಸಿರಪ್ ಎಂಬುದನ್ನು ಅದೇ ಕಪ್ಪು ಬಿಳುಪು ಮುಚ್ಚಿಡುತ್ತದೆ. ನುಣ್ಣಗೆ ಮಾಡಿದ ಮೇಲೆ ಅದು ಸಿರಪ್ಪಿನಂತೆಯೇ ಕಂಡಿತು.

ಇಷ್ಟಕ್ಕೇ ನಾನು ಸುಮ್ಮನಿರುತ್ತಿದ್ದೆನೇನೋ; ಆ ಚಿತ್ರವನ್ನು 2016ರಲ್ಲಿ ನ್ಯೂಯಾರ್ಕಿನ ಆಧುನಿಕ ಕಲಾ ವಸ್ತುಸಂಗ್ರಹಾಲಯವೂ ಫಿಲ್ಮ್ ಫೌಂಡೇಷನ್ನೂ ಸೇರಿ ಚೆನ್ನಾಗಿ ಪುನರುದ್ಧಾರ ಮಾಡಿರುವುದರಿಂದ ನನ್ನ ಕ್ಯಾಸೆಟ್ ಕೆಟ್ಟರೂ ಚಿತ್ರಕ್ಕೆ ನಷ್ಟವಿಲ್ಲ. ಆದರೆ ಅದರ ಜೊತೆಗೆ ಕಂಪ್ಯೂಟರಿಗೆ ಇಳಿಸಿದ ನಮ್ಮದೇ ಮೂರು ಕ್ಯಾಸೆಟ್‌ಗಳಲ್ಲಿ ಇದ್ದದ್ದಕ್ಕೆ ಬೇರೆ ಪ್ರತಿ ಎಲ್ಲಿಯೂ ಇಲ್ಲ.

1995ರ ಡಿಸೆಂಬರ್ ರಜೆಯಲ್ಲಿ, ಶಿವಮೊಗ್ಗದ ಕಾಲೇಜಿನಲ್ಲಿ ಓದುತ್ತಿದ್ದ ನಾವು ಆರು ಜನ, ಮದುವೆಯ ವಿಡಿಯೊದವರೊಬ್ಬರಿಂದ ಹೆಗಲ ಮೇಲಿಡುವ ವಿಎಚ್‌ಎಸ್ ಕ್ಯಾಮೆರಾವನ್ನು ಎರಡು ದಿನದ ಬಾಡಿಗೆಗೆ ತಂದು 39 ನಿಮಿಷಗಳ ಚಿತ್ರವೊಂದನ್ನು ಮಾಡಿದ್ದೆವು. ಆಕಾಶದಿಂದ ಏನೋ ಒಂದು ಅಡಿಕೆ ತೋಟಕ್ಕೆ ಬೀಳುತ್ತದೆ, ಅದರ ಬೆಳಕು ತಾಗಿದ ಉಂಬಳಗಳು, ಅಂದರೆ ಜಿಗಣೆಗಳು, ಆಳುದ್ದ ಬೆಳೆದು ಊರವರ ರಕ್ತ ಹೀರತೊಡಗುತ್ತವೆ. ಡಿಸೆಂಬರಿನಲ್ಲಿ ತೋರಿಸುವುದಕ್ಕೆ ಒಂದೇ ಒಂದು ನಿಜವಾದ ಉಂಬಳವೂ ಸಿಗಲಿಲ್ಲ. ಮಳೆಗಾಲದಲ್ಲಿ ಬೇಡವೆಂದರೂ ಕಾಲು ಹತ್ತುವ ಪ್ರಾಣಿ ಅದು. ಸೈಕಲ್ ಟ್ಯೂಬಿಗೆ ತೌಡು ತುಂಬಿ, ಎಣ್ಣೆ ಸವರಿ, ಹಗ್ಗ ಕಟ್ಟಿ ಎಳೆದೆವು. ರಕ್ತಕ್ಕೆ ಜೋನಿಬೆಲ್ಲದಲ್ಲಿ ಕುಂಕುಮ ಕಲಸಿದೆವು. ಮಂಜಿಗೆ ಹಸಿ ಸೊಪ್ಪು ಸುಟ್ಟೆವು. 1981ರ 'ಈವಿಲ್ ಡೆಡ್' ಚಿತ್ರದಲ್ಲಿ ಸ್ಯಾಮ್ ರೈಮಿ ಮತ್ತು ಸಂಗಡಿಗರು ಕ್ಯಾಮೆರಾವನ್ನು ಹಲಗೆಗೆ ಕಟ್ಟಿ, ಎರಡು ತುದಿಗಳನ್ನು ಇಬ್ಬರು ಹಿಡಿದು ಕಾಡಿನಲ್ಲಿ ಓಡಿದ್ದರು ಎಂದು ಯಾವುದೋ ಪತ್ರಿಕೆಯಲ್ಲಿ ಓದಿದ್ದ ಗೆಳೆಯನೊಬ್ಬ ಅಡಿಕೆ ದಬ್ಬೆಯೊಂದನ್ನು ಸೀಳಿ ತಂದ. ಬಾಡಿಗೆ ಕ್ಯಾಮೆರಾವನ್ನು ದಬ್ಬೆಗೆ ಬಿಗಿದು, ತೋಟದ ಕಪ್ಪಿನ (ನೀರು ಹರಿಯುವ ಕಾಲುವೆಯ) ಉದ್ದಕ್ಕೂ ಇಬ್ಬರು ಬರಿಗಾಲಿನಲ್ಲಿ ಓಡಿದ ಆ ಹದಿನೈದು ಸೆಕೆಂಡುಗಳು ನಾವು ಮಾಡಿದ್ದರಲ್ಲೆಲ್ಲ ಚೆನ್ನಾಗಿದ್ದವು. ಉಳಿದದ್ದರ ಬಗ್ಗೆ ಹೇಳಿಕೊಳ್ಳುವಂಥದ್ದೇನೂ ಇಲ್ಲ.

ಪೆನ್‌ಡ್ರೈವಿನಲ್ಲಿ ಆ ಓಟ ಎಡವುತ್ತಿತ್ತು. ವಿಎಚ್‌ಎಸ್ ಕ್ಯಾಮೆರಾ ಸೆಕೆಂಡಿಗೆ 50 ಅರ್ಧಚಿತ್ರಗಳನ್ನು ಬರೆಯುತ್ತದೆ, ಒಂದರಲ್ಲಿ ಬೆಸ ಗೆರೆಗಳು, ಮುಂದಿನದರಲ್ಲಿ ಸರಿ ಗೆರೆಗಳು. ಸಾಫ್ಟ್‌ವೇರು ಅವುಗಳಲ್ಲಿ ಅರ್ಧವನ್ನು ಎಸೆದು 25 ಮಾಡಿದ್ದರಿಂದ ಅಡಿಕೆ ಮರಗಳು ಹರಿದು ಹೋಗುವ ಬದಲು ಜಿಗಿಜಿಗಿದು ಹೋದವು. ಸೊಪ್ಪಿನ ಹೊಗೆಯನ್ನು ಕೊಳೆ ಎಂದು ತಿಳಿದು ಅಳಿಸಿಹಾಕಿತ್ತು. ಮಂಜಿನಲ್ಲಿ ಕಾಣಬೇಕಾಗಿದ್ದ ಸೈಕಲ್ ಟ್ಯೂಬು ಬಿಸಿಲಿನಲ್ಲಿ ಸೈಕಲ್ ಟ್ಯೂಬಾಗಿಯೇ ಬಿದ್ದಿತ್ತು. ಇಷ್ಟು ಕಷ್ಟಪಟ್ಟು ಬೂಷ್ಟು ತೆಗೆದವರು ಬೂಷ್ಟಿಗೂ ಹೊಗೆಗೂ ವ್ಯತ್ಯಾಸ ತಿಳಿಯದ ಯಂತ್ರಕ್ಕೆ ಕೊನೆಯ ಕೆಲಸವನ್ನು ಒಪ್ಪಿಸಿದ್ದರು. ನನ್ನ ದೂರು ಇದೊಂದೇ, ಆದರೆ ಸಣ್ಣದಲ್ಲ. ಟೇಪಿಗೆ ಆಮೇಲೆ ಅಂಟಿಕೊಂಡ ಕೊಳೆ ಬೇರೆ, ಚಿತ್ರ ತೆಗೆದಾಗಲೇ ಅದರೊಳಗೆ ಬಂದು ಸೇರಿದ ಒರಟುತನ ಬೇರೆ. ಕಡಿಮೆ ದುಡ್ಡಿನಲ್ಲಿ, ಅವಸರದಲ್ಲಿ, ಕೈಗೆ ಸಿಕ್ಕ ಸಾಮಾನಿನಲ್ಲಿ ಮಾಡಿದ ಚಿತ್ರಗಳಲ್ಲಿ ಈ ಎರಡನೆಯದನ್ನು ತೆಗೆದರೆ ಉಳಿಯುವುದು ಬಹಳ ಕಡಿಮೆ. ಹರ್ಷೆಲ್ ಗೋರ್ಡನ್ ಲೂಯಿಸ್ 1963ರಲ್ಲಿ ಮಾಡಿದ 'ಬ್ಲಡ್ ಫೀಸ್ಟ್' ಚಿತ್ರದ ಕಣ್ಣಿಗೆ ರಾಚುವ ಕೆಂಪನ್ನು ಯಾರಾದರೂ ನೈಜವಾಗಿ ಕಾಣುವಂತೆ ತಿದ್ದಿದರೆ ಅದನ್ನು ನೋಡುವವರು ಯಾರು? ಇಂಥ ಚಿತ್ರಗಳನ್ನೇ ಹುಡುಕಿ ಉಳಿಸುವ, 2012ರಲ್ಲಿ ಆರಂಭವಾದ ವಿನೆಗರ್ ಸಿಂಡ್ರೋಮ್‌ನಂಥ ಅಮೆರಿಕದ ಸಂಸ್ಥೆಗಳು ಗೀರು, ದೂಳುಗಳನ್ನು ತೆಗೆದರೂ ಫಿಲಮಿನ ಕಣಗಳನ್ನು ಮುಟ್ಟದಿರುವುದಕ್ಕೆ ಕಾರಣವೂ ಇದೇ. ಅಂದಹಾಗೆ ಆ ಸಂಸ್ಥೆಯ ಹೆಸರೇ ಒಂದು ಕಾಯಿಲೆಯದು. ಹಳೆಯ ಅಸಿಟೇಟ್ ಫಿಲಮು ತೇವ ಮತ್ತು ಬಿಸಿಗೆ ಕೊಳೆತಾಗ ವಿನೆಗರಿನ ವಾಸನೆ ಬರುತ್ತದೆ.

ಪೆನ್‌ಡ್ರೈವ್ ಹಿಡಿದುಕೊಂಡು ಮತ್ತೆ ದುರ್ಗಿಗುಡಿಗೆ ಹೋದೆ. ಮಾಲೀಕರು ಮೊದಲು ಒಪ್ಪಲಿಲ್ಲ. "ಎಲ್ಲರೂ ಕ್ಲಿಯರ್ ಮಾಡಿ ಅಂತಲೇ ಕೇಳೋದು ಸಾರ್, ಮದುವೆ ಕ್ಯಾಸೆಟ್ಟಿನವರಂತೂ ಹೆಣ್ಣಿನ ಮುಖ ಇನ್ನೂ ಬೆಳ್ಳಗೆ ಮಾಡಿ ಅಂತಾರೆ" ಎಂದರು. ಅದು ನಿಜವಿರಬೇಕು. ಆದರೆ ಅವರದೇ ವಿಸಿಆರ್‌ನಲ್ಲಿ ಟೇಪನ್ನು ಹಾಕಿ, ಪಕ್ಕದ ಮಾನಿಟರಿನಲ್ಲಿ ಪೆನ್‌ಡ್ರೈವಿನ ಚಿತ್ರವನ್ನು ಹಾಕಿ, ದಬ್ಬೆಯ ಓಟದ ದೃಶ್ಯವನ್ನು ಎರಡರಲ್ಲೂ ಒಟ್ಟಿಗೆ ಬಿಟ್ಟಾಗ ಅವರು ಮಾತಾಡಲಿಲ್ಲ. ಎರಡನೆಯ ಸಲ ಬಿಟ್ಟು ನೋಡಿದರು. ಮೂರನೆಯ ಸಲ, "ನಿಮ್ಮದು ಓಡ್ತಾ ಇದೆ, ನಮ್ಮದು ಕುಂಟ್ತಾ ಇದೆ" ಎಂದರು. ಸ್ವತಃ ಕ್ಯಾಮೆರಾ ಹಿಡಿದವರಾದ್ದರಿಂದ ವಿವರಿಸುವ ಅಗತ್ಯವೇ ಬೀಳಲಿಲ್ಲ.

ಎರಡನೆಯ ಸಲದ ಕೆಲಸಕ್ಕೆ ಅವರು ದುಡ್ಡು ತೆಗೆದುಕೊಳ್ಳಲಿಲ್ಲ. ನಾಲ್ಕೂ ಕ್ಯಾಸೆಟ್‌ಗಳನ್ನು ಮೊದಲಿನಿಂದ ಮತ್ತೆ ಓಡಿಸಿ, ಯಾವ ಎಫೆಕ್ಟೂ ಇಲ್ಲದೆ, ಹಳೆಯ ಚೌಕಟ್ಟಿನಲ್ಲಿಯೇ, ಅರ್ಧಚಿತ್ರಗಳನ್ನು ಹಾಗೆಯೇ ಉಳಿಸಿಕೊಂಡು ಇಳಿಸಿಕೊಟ್ಟರು. ಇದಕ್ಕೆ ಜಾಗ ಹೆಚ್ಚು ಬೇಕು. ಡಿವಿ ಎಂಬ ಡಿಜಿಟಲ್ ರೂಪದಲ್ಲಿ ಗಂಟೆಗೆ ಸುಮಾರು 13 ಜಿಬಿ ಆಗುವುದರಿಂದ ನನ್ನ ಐದು ಗಂಟೆ ಚಿಲ್ಲರೆಗೆ 70 ಜಿಬಿಯ ಹತ್ತಿರ ಹಿಡಿಯಿತು, 128 ಜಿಬಿಯ ಹೊಸ ಪೆನ್‌ಡ್ರೈವನ್ನು ನಾನೇ ಕೊಂಡು ಕೊಡಬೇಕಾಯಿತು. ಟಿವಿಯಲ್ಲಿ ನೋಡುವುದಕ್ಕೆ ಬೇರೆ ಸಣ್ಣ ಪ್ರತಿಯನ್ನೂ ಕೊಟ್ಟರು. ಒಟ್ಟು ಲೆಕ್ಕ ಹೀಗಾಯಿತು: 11 ಕ್ಯಾಸೆಟ್‌ಗಳ ಬೂಷ್ಟು ತೆಗೆದದ್ದಕ್ಕೆ 1,650 ರೂಪಾಯಿ, ಎರಡಕ್ಕೆ ಹೊಸ ಕವಚ ಹಾಕಿದ್ದಕ್ಕೆ 200, ನಾಲ್ಕನ್ನು ಕಂಪ್ಯೂಟರಿಗೆ ಇಳಿಸಿದ್ದಕ್ಕೆ ತಲಾ 400ರಂತೆ 1,600, ಒಟ್ಟು 3,450. ಬಸ್ಸಿನ ಖರ್ಚು ಮತ್ತು ನೆನೆದ ಬಟ್ಟೆಗಳ ಲೆಕ್ಕ ಇದರಲ್ಲಿ ಸೇರಿಲ್ಲ. ಕ್ಯಾಸೆಟ್‌ಗಳನ್ನೆಲ್ಲ ಒಂದು ತುದಿಗೆ ಸುತ್ತಿ, ನಿಲ್ಲಿಸಿ ಇಡಿ ಎಂದು ಹೇಳಿ, ಪ್ರತಿಯೊಂದರ ಜೊತೆಗೂ ಸಿಲಿಕಾ ಜೆಲ್ ಪೊಟ್ಟಣ ಹಾಕಿ ಕೊಟ್ಟಿದ್ದಾರೆ. ಹಿಂದಿನ ಅಂಚಿನ ಪ್ಲಾಸ್ಟಿಕ್ ತುಂಡನ್ನು ಮುರಿಯದೆ ಬಿಟ್ಟಿದ್ದ ಕ್ಯಾಸೆಟ್‌ಗಳಲ್ಲಿ ಅದನ್ನು ಮುರಿದು, ಅಕಸ್ಮಾತ್ ಅದರ ಮೇಲೆ ಬೇರೇನೂ ರೆಕಾರ್ಡ್ ಆಗದಂತೆ ಮಾಡಿದ್ದಾರೆ. ಈಗ ರೆಕಾರ್ಡ್ ಮಾಡುವವರು ಯಾರಿದ್ದಾರೆ ಎಂದರೆ, "ಇರಲಿ ಸಾರ್, ಅಭ್ಯಾಸ" ಎಂದರು.

ಎರಡನೆಯ ಸಲ ಇಳಿಸುವಾಗ ಇನ್ನೊಂದು ಸಂಗತಿ ಹೊರಬಂದಿತು, ಅದನ್ನು ಗಮನಿಸಿದವರೂ ಅವರೇ. ನಮ್ಮ ಉಂಬಳದ ಚಿತ್ರದ ಮೊದಲ ಕಚ್ಚಾ ಕ್ಯಾಸೆಟ್ಟಿನ ಆರಂಭದಲ್ಲಿ ಸುಮಾರು ಮೂರು ನಿಮಿಷ ಬರೀ ಕಪ್ಪು. ಲೆನ್ಸಿನ ಮುಚ್ಚಳ ತೆಗೆಯುವುದಕ್ಕೆ ಮರೆತು ರೆಕಾರ್ಡ್ ಒತ್ತಿದ್ದೆವು. ಮೊದಲ ಸಲ ಸಾಫ್ಟ್‌ವೇರು ಅದನ್ನು ಖಾಲಿ ಎಂದು ಕತ್ತರಿಸಿ ಎಸೆದಿತ್ತು. ಈ ಸಲ ಅದು ಉಳಿದಿದೆ. ಚಿತ್ರವಿಲ್ಲ, ಶಬ್ದ ಮಾತ್ರ: ಯಾರೋ ಟ್ಯೂಬಿಗೆ ತೌಡು ತುಂಬುತ್ತಾ ಬಯ್ಯುತ್ತಿರುವುದು, ಕೊಟ್ಟಿಗೆಯಲ್ಲಿ ಕರು, ಆಮೇಲೆ ಹತ್ತು ವರ್ಷದ ಹಿಂದೆ ತೀರಿಕೊಂಡ ನಮ್ಮ ಅಜ್ಜಿಯ ಧ್ವನಿ, "ಆ ರಕ್ತ ತೊಳ್ಕಂಡು ಒಳಗೆ ಬನ್ರೋ, ಇರುವೆ ಮುತ್ತುತಾವೆ." ಅವರ ಧ್ವನಿ ನಮ್ಮ ಮನೆಯಲ್ಲಿ ಬೇರೆ ಯಾವ ಟೇಪಿನಲ್ಲೂ ಇಲ್ಲ, ಮದುವೆಯ ಕ್ಯಾಸೆಟ್‌ಗಳಲ್ಲೆಲ್ಲ ಮಾತಿನ ಮೇಲೆ ಸಿನಿಮಾ ಹಾಡು ಹಾಕಿಬಿಟ್ಟಿದ್ದಾರೆ.

ಟ್ರಂಕಿನಲ್ಲಿ ಇನ್ನೂ 12 ಕ್ಯಾಸೆಟ್‌ಗಳಿವೆ. ಮಳೆಗಾಲದಲ್ಲಿ ಹೊಸ ಕೆಲಸ ಹಿಡಿಯುವುದಿಲ್ಲ, ದೀಪಾವಳಿ ಕಳೆಯಲಿ ಎಂದಿದ್ದಾರೆ. ಕೊಡುವವರು ಫೋನನ್ನು ನಂಬದೆ ಖುದ್ದಾಗಿ ಹೋಗುವುದು, ಹೇಳಿದ ದಿನಕ್ಕೆ ಒಂದು ತಿಂಗಳು ಸೇರಿಸಿಕೊಳ್ಳುವುದು ಒಳ್ಳೆಯದು. ಮೊನ್ನೆ ಉಳಿದ ಬಾಕಿ ಕೊಡಲು ಹೋದಾಗ ಅವರ ರಸೀದಿ ಪುಸ್ತಕದಲ್ಲಿ ಬಾಲ್‌ಪೆನ್ನಿನಿಂದ ಹೊಸದಾಗಿ ಒಂದು ಕಾಲಂ ಎಳೆದದ್ದನ್ನು ನೋಡಿದೆ. 'ಇದ್ದ ಹಾಗೇ / ಕ್ಲಿಯರ್' ಎಂದು ಬರೆದಿತ್ತು. ಆ ಪುಟದಲ್ಲಿದ್ದ ಐವರು ಗಿರಾಕಿಗಳಲ್ಲಿ ನಾಲ್ವರು ಕ್ಲಿಯರ್ ಎಂದೇ ಗುರುತು ಹಾಕಿಸಿದ್ದರು.